ಕೊಟ್ಟಿಗೆಯಿಂದ ಹೊರಡಬೇಕಾದ ಮೊದಲ ಸುದ್ದಿ: ಜಾನುವಾರು ರೋಗಗಳ ನಿಗಾ ಮತ್ತು ವರದಿ

ಮನುಷ್ಯ ತನ್ನ ಪ್ರಯತ್ನದಿಂದ ಈ ಭೂಮಿಯ ಮೇಲಿಂದ ಸಂಪೂರ್ಣವಾಗಿ ತೊಡೆದುಹಾಕಿರುವ ರೋಗಗಳು ಎರಡೇ. ಒಂದು, ಮನುಷ್ಯರನ್ನು ಕಾಡುತ್ತಿದ್ದ ಸಿಡುಬು. ಇನ್ನೊಂದು, ದನ-ಎಮ್ಮೆಗಳ ಪಾಲಿಗೆ ಮೃತ್ಯುವೇ ಆಗಿದ್ದ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್. ಈ ರೋಗದ ಸೋಂಕಿನಿಂದ ಭಾರತ ಮುಕ್ತವಾಗಿದೆ ಎಂಬ ಅಂತಾರಾಷ್ಟ್ರೀಯ ಮಾನ್ಯತೆ ದೊರೆತದ್ದು 2006ರ ಮೇ ತಿಂಗಳಲ್ಲಿ. ಐದು ವರ್ಷಗಳ ಬಳಿಕ, 2011ರಲ್ಲಿ, ಇಡೀ ಜಗತ್ತೇ ಈ ಪಿಡುಗಿನಿಂದ ಪಾರಾಯಿತೆಂದು ಘೋಷಿಸಲಾಯಿತು.

ಈ ಗೆಲುವಿನ ಕೀರ್ತಿಯನ್ನು ಲಸಿಕೆಗೆ ಸಲ್ಲಿಸುವುದು ವಾಡಿಕೆ. ಅದು ಅರ್ಧ ಸತ್ಯ ಮಾತ್ರ. ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಜೆ.ಟಿ. ಎಡ್ವರ್ಡ್ಸ್ ಅವರು ಆಡುಗಳಲ್ಲಿ ಬೆಳೆಸಿದ ವೈರಾಣುವಿನಿಂದ ಲಸಿಕೆ ರೂಪಿಸಿದ್ದು 1920ರ ದಶಕದಲ್ಲಿ. ಸ್ವತಂತ್ರ ಭಾರತ ರಾಷ್ಟ್ರವ್ಯಾಪಿ ನಿರ್ಮೂಲನ ಕಾರ್ಯಕ್ರಮವನ್ನು ಕೈಗೊಂಡದ್ದು 1954ರಲ್ಲಿ. ಆದರೂ ದೇಶದಲ್ಲಿ ಕೊನೆಯ ಪ್ರಕರಣ ಕಾಣಿಸಿಕೊಂಡದ್ದು 1995ರಲ್ಲಿ. ನಾಲ್ಕು ದಶಕಗಳ ಕಾಲ ಲಸಿಕೆ ಕೈಯಲ್ಲಿದ್ದೂ ರೋಗ ಉಳಿದುಕೊಂಡಿತ್ತು. ರೋಗ ಎಲ್ಲಿ ಅಡಗಿದೆ ಎಂಬುದನ್ನು ಹುಡುಕಿ, ದಾಖಲಿಸಿ, ತಕ್ಷಣ ತಿಳಿಸುವ ವ್ಯವಸ್ಥೆ ಬಲಗೊಂಡ ಮೇಲೆಯೇ ಅದು ಸಂಪೂರ್ಣವಾಗಿ ತೊಲಗಿತು. ಕಾಲುಬಾಯಿ ರೋಗ, ಚರ್ಮಗಂಟು ರೋಗ, ಕಂದು ರೋಗಗಳ ವಿರುದ್ಧ ಇಂದು ನಡೆಯುತ್ತಿರುವ ಹೋರಾಟಕ್ಕೆ ಈ ಪಾಠ ಅತ್ಯಂತ ಪ್ರಸ್ತುತವಾಗಿದೆ.

ಭಾರತದ ದನಗಳು, ಬೆಲ್ಜಿಯಂನ ಬಂದರು

ಜಾನುವಾರು ರೋಗಗಳ ಕುರಿತು ದೇಶದೇಶಗಳು ಪರಸ್ಪರ ಮಾಹಿತಿ ಹಂಚಿಕೊಳ್ಳುವ ಪದ್ಧತಿಯ ಹುಟ್ಟಿಗೂ ಭಾರತಕ್ಕೂ ನೇರ ಸಂಬಂಧವಿದೆ. 1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟಿದ್ದ ಗೂಳಿ-ಹಸುಗಳ ತಂಡವೊಂದು ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ತಂಗಿತ್ತು. ಅವುಗಳ ಜೊತೆ ದೊಡ್ಡರೋಗವೂ ಅಲ್ಲಿ ಇಳಿಯಿತು. ಯುರೋಪಿನ ದನಗಳಲ್ಲಿ ರೋಗ ಹಬ್ಬತೊಡಗಿದಾಗ, ಒಂದು ದೇಶದ ಕೊಟ್ಟಿಗೆಯ ಸುದ್ದಿ ಮತ್ತೊಂದು ದೇಶಕ್ಕೆ ಸಕಾಲದಲ್ಲಿ ತಲುಪದಿದ್ದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಮನವರಿಕೆಯಾಯಿತು. ಪರಿಣಾಮವಾಗಿ 1924ರಲ್ಲಿ 28 ದೇಶಗಳು ಪ್ಯಾರಿಸ್‌ನಲ್ಲಿ ಒಪ್ಪಂದ ಮಾಡಿಕೊಂಡು ಅಂತಾರಾಷ್ಟ್ರೀಯ ಸಂಸ್ಥೆಯೊಂದನ್ನು ಸ್ಥಾಪಿಸಿದವು. ಅದೇ ಇಂದಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ. ದೇಶವೊಂದರಲ್ಲಿ ಹೊಸದಾಗಿ ಗಂಭೀರ ರೋಗ ದೃಢಪಟ್ಟರೆ 24 ಗಂಟೆಗಳೊಳಗೆ ಈ ಸಂಸ್ಥೆಗೆ ತಿಳಿಸುವುದು ಸದಸ್ಯ ರಾಷ್ಟ್ರಗಳ ಹೊಣೆಯಾಗಿದೆ.

ಭಾರತದೊಳಗಿನ ಸಂಸ್ಥೆಗಳ ಮೂಲದಲ್ಲಿಯೂ ಇದೇ ರೋಗವಿದೆ. ದನಗಳ ಪಿಡುಗಿನ ಬಗ್ಗೆ ವಿಚಾರಣೆ ನಡೆಸಿದ 1871ರ ಆಯೋಗದ ಶಿಫಾರಸಿನ ಫಲವಾಗಿ 1889ರಲ್ಲಿ ಪುಣೆಯಲ್ಲಿ ಆರಂಭವಾದ ಪ್ರಯೋಗಾಲಯವೇ ಮುಂದೆ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. ಮೈಸೂರು ಸಂಸ್ಥಾನವು 1925ರಲ್ಲಿ ಹೆಬ್ಬಾಳದಲ್ಲಿ ಸೀರಂ ಇನ್‌ಸ್ಟಿಟ್ಯೂಟನ್ನು ತೆರೆದದ್ದು ದೊಡ್ಡರೋಗಕ್ಕೆ ಬೇಕಾದ ರಕ್ತಸಾರವನ್ನು ಇಲ್ಲಿಯೇ ತಯಾರಿಸುವ ಸಲುವಾಗಿ. ಅದೇ ಈಗಿನ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ. ರಾಜ್ಯದ ಹಳ್ಳಿಗಳಿಂದ ಬರುವ ರೋಗ ಮಾದರಿಗಳ ಪರೀಕ್ಷೆ ಇಂದಿಗೂ ಅಲ್ಲಿ ನಡೆಯುತ್ತದೆ.

ಲಸಿಕೆ ನಿಲ್ಲಿಸಿದ ಮೇಲೆ ಆರಂಭವಾದ ಹುಡುಕಾಟ

ದೊಡ್ಡರೋಗ ನಿರ್ಮೂಲನದ ಕೊನೆಯ ಹಂತ ಸ್ವಾರಸ್ಯಕರವಾಗಿದೆ. ಆ ಹಂತದಲ್ಲಿ ಅಧಿಕಾರಿಗಳು ಲಸಿಕೆ ಹಾಕುವುದನ್ನೇ ನಿಲ್ಲಿಸಿದರು. ಇದಕ್ಕೆ ಕಾರಣವಿತ್ತು. ಲಸಿಕೆ ಪಡೆದ ರಾಸಿನ ರಕ್ತದಲ್ಲೂ ರೋಗದಿಂದ ಚೇತರಿಸಿಕೊಂಡ ರಾಸಿನ ರಕ್ತದಲ್ಲೂ ಒಂದೇ ಬಗೆಯ ಪ್ರತಿಕಾಯಗಳಿರುತ್ತಿದ್ದವು. ಎರಡನ್ನೂ ಪ್ರತ್ಯೇಕಿಸಲು ಸಾಧ್ಯವಿರಲಿಲ್ಲ. ಲಸಿಕೆ ಮುಂದುವರಿದಷ್ಟೂ ಕಾಲ ವೈರಾಣು ನಿಜಕ್ಕೂ ಹೋಗಿದೆಯೇ, ಎಲ್ಲೋ ಮರೆಯಲ್ಲಿದೆಯೇ ಎಂದು ಹೇಳುವಂತಿರಲಿಲ್ಲ.

ಆದ್ದರಿಂದ ಲಸಿಕೆಯ ಜಾಗವನ್ನು ನಿಗಾ ತುಂಬಿತು. ಪಶುಸಂಗೋಪನಾ ಸಿಬ್ಬಂದಿ ಹಳ್ಳಿಹಳ್ಳಿಗೆ ಹೋಗಿ ದೊಡ್ಡರೋಗವನ್ನು ಹೋಲುವ ಲಕ್ಷಣಗಳು ಎಲ್ಲಾದರೂ ಕಂಡಿವೆಯೇ ಎಂದು ವಿಚಾರಿಸಿದರು. ದನಗಳು ಸಾಗುವ ದಾರಿಗಳಲ್ಲಿ ತಪಾಸಣೆ ನಡೆಯಿತು. ನಿಗದಿತ ಕ್ರಮದಲ್ಲಿ ಆರಿಸಿದ ಗ್ರಾಮಗಳಿಂದ ರಕ್ತದ ಮಾದರಿಗಳನ್ನು ಸಂಗ್ರಹಿಸಲಾಯಿತು. ಯಾವ ಗ್ರಾಮಗಳನ್ನು, ಎಷ್ಟು ರಾಸುಗಳನ್ನು ಆರಿಸಬೇಕೆಂಬ ಲೆಕ್ಕಾಚಾರದಲ್ಲಿ ಬೆಂಗಳೂರಿನಲ್ಲಿದ್ದ ಪಶುರೋಗ ನಿಗಾ ಯೋಜನೆಯ ವಿಜ್ಞಾನಿಗಳ ಪಾತ್ರ ದೊಡ್ಡದು. ಈ ಯೋಜನೆಯೇ 2013ರಲ್ಲಿ ‘ನಿವೇದಿ’ ಎಂಬ ಹೆಸರಿನ ರಾಷ್ಟ್ರೀಯ ಸಂಸ್ಥೆಯಾಗಿ ಯಲಹಂಕದಲ್ಲಿ ನೆಲೆಗೊಂಡಿದೆ.

ಆ ದಿನಗಳಲ್ಲಿ ‘ನಮ್ಮ ಊರಿನಲ್ಲಿ ರೋಗವಿಲ್ಲ’ ಎಂಬುದೂ ಬರೆದು ಕಳುಹಿಸಬೇಕಾದ ವರದಿಯಾಗಿತ್ತು. ವರದಿಯೇ ಬಾರದ ಊರಿಗೂ, ಹುಡುಕಿ ನೋಡಿ ಏನೂ ಇಲ್ಲವೆಂದು ತಿಳಿಸಿದ ಊರಿಗೂ ಅಜಗಜಾಂತರ ವ್ಯತ್ಯಾಸವಿದೆ. ಮೊದಲನೆಯದು ಕತ್ತಲೆ, ಎರಡನೆಯದು ಪುರಾವೆ. ಇಂಥ ಪುರಾವೆಗಳು ವರ್ಷಗಟ್ಟಲೆ ಕೂಡಿಬಂದ ಮೇಲೆಯೇ ದೇಶ ರೋಗಮುಕ್ತವೆಂಬ ಮಾತಿಗೆ ಜಗತ್ತಿನ ಒಪ್ಪಿಗೆ ದೊರೆಯಿತು.

ಒಂದು ದಿನದ ತಡಕ್ಕೆ ಎಷ್ಟು ಬೆಲೆ?

2019ರ ಜಾನುವಾರು ಗಣತಿಯಂತೆ ದೇಶದಲ್ಲಿ 19 ಕೋಟಿಗೂ ಹೆಚ್ಚು ದನಗಳೂ, ಸುಮಾರು 11 ಕೋಟಿ ಎಮ್ಮೆಗಳೂ ಇವೆ. ಇವುಗಳಲ್ಲಿ ಬಹುಪಾಲು ಒಂದೆರಡು ರಾಸುಗಳನ್ನು ಸಾಕಿಕೊಂಡಿರುವ ಸಣ್ಣ ಹಿಡುವಳಿದಾರರ ಮನೆಗಳಲ್ಲಿವೆ. ದೊಡ್ಡ ಫಾರಂಗಳಲ್ಲಿ ಸಂಬಳದ ವೈದ್ಯರು ದಿನನಿತ್ಯ ರಾಸುಗಳನ್ನು ನೋಡುತ್ತಾರೆ. ನಮ್ಮಲ್ಲಿ ಹಾಲು ಕರೆಯುವ ಗೃಹಿಣಿಯೇ ಮೊದಲ ನಿಗಾಧಿಕಾರಿ. ರಾಸು ಮೇವು ಬಿಟ್ಟದ್ದು, ಮೆಲುಕು ನಿಲ್ಲಿಸಿದ್ದು, ಹಾಲು ಇಳಿದದ್ದು ಮೊದಲು ಗೊತ್ತಾಗುವುದು ಆಕೆಗೇ.

ಆ ಮೊದಲ ಸುದ್ದಿಗೆ ಇಷ್ಟೊಂದು ಮಹತ್ವ ಏಕೆ ಎಂಬುದಕ್ಕೆ ಕಾಲುಬಾಯಿ ರೋಗ ಉತ್ತಮ ನಿದರ್ಶನ. ಸೋಂಕು ತಗುಲಿದ ರಾಸು, ಬಾಯಲ್ಲಿ ಗುಳ್ಳೆ ಏಳುವುದಕ್ಕೂ ಜೊಲ್ಲು ಸುರಿಯುವುದಕ್ಕೂ ಮೊದಲೇ ಉಸಿರು ಮತ್ತು ಹಾಲಿನ ಮೂಲಕ ವೈರಾಣುವನ್ನು ಹೊರಬಿಡಲು ಆರಂಭಿಸಿರುತ್ತದೆ. ಮಾಲೀಕನಿಗೆ ರೋಗ ಕಾಣುವ ಹೊತ್ತಿಗೆ ಅದು ಪಕ್ಕದ ಕೊಟ್ಟಿಗೆಯ ಬಾಗಿಲು ದಾಟಿರುವ ಸಾಧ್ಯತೆಯಿದೆ. ಆಮೇಲೂ ‘ನಾಳೆ ನೋಡೋಣ’ ಎಂದು ಕಳೆಯುವ ಪ್ರತಿಯೊಂದು ದಿನ ಊರಿಗೆ ಹೊರೆಯಾಗುತ್ತದೆ. ಆ ನಡುವೆ ಒಂದು ಸಂತೆ ಬಂದರಂತೂ ರೋಗ ತಾಲ್ಲೂಕಿನ ಎಲ್ಲೆಯನ್ನೇ ದಾಟುತ್ತದೆ.

ಬ್ರಿಟನ್‌ನಲ್ಲಿ 2001ರಲ್ಲಿ ನಡೆದದ್ದು ಇದೇ. ಹಂದಿ ಸಾಕಣೆ ಕೇಂದ್ರವೊಂದರಲ್ಲಿ ಕಾಣಿಸಿಕೊಂಡ ಕಾಲುಬಾಯಿ ರೋಗ ವರದಿಯಾಗಲಿಲ್ಲ. ಗಾಳಿಯ ಮೂಲಕ ನೆರೆಯ ಕುರಿಗಳಿಗೆ ತಗುಲಿ, ಆ ಕುರಿಗಳು ಸಂತೆಗಳಲ್ಲಿ ಮಾರಾಟವಾಗಿ ಊರೂರಿಗೆ ಹಂಚಿಹೋದವು. ಫೆಬ್ರುವರಿ 20ರಂದು ರೋಗ ದೃಢಪಟ್ಟಾಗ ಆಗಲೇ ಕನಿಷ್ಠ 57 ಕಡೆ ಸೋಂಕು ನೆಲೆಯೂರಿತ್ತು. ಅದನ್ನು ಹತ್ತಿಕ್ಕಲು 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ನುರಿತ ವೈದ್ಯರು, ಪ್ರಯೋಗಾಲಯ, ಹಣ, ರಸ್ತೆ ಎಲ್ಲವೂ ಇದ್ದ ದೇಶದಲ್ಲಿ ಇಲ್ಲದೇ ಹೋದದ್ದು ಒಂದೇ: ಸಕಾಲದಲ್ಲಿ ಬಂದ ಮೊದಲ ಸುದ್ದಿ.

ಕರ್ನಾಟಕಕ್ಕೂ ಈ ರೋಗದ ಕಹಿ ಅನುಭವವಿದೆ. 2013ರಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಕಾಲುಬಾಯಿ ರೋಗ ಹಬ್ಬಿ ಸಾವಿರಾರು ರಾಸುಗಳು ಅಸುನೀಗಿದವು. ದುಬಾರಿ ಬೆಲೆ ಕೊಟ್ಟು ತಂದ ಮಿಶ್ರತಳಿ ಹಸುಗಳನ್ನು ಕಳೆದುಕೊಂಡ ಕುಟುಂಬಗಳು ದಿನದ ಆದಾಯವನ್ನೇ ಕಳೆದುಕೊಂಡವು.

ಕಾನೂನು ಏನು ಹೇಳುತ್ತದೆ?

ಪ್ರಾಣಿಗಳ ಸೋಂಕು ಮತ್ತು ಸಾಂಕ್ರಾಮಿಕ ರೋಗಗಳ ತಡೆ ಹಾಗೂ ನಿಯಂತ್ರಣಕ್ಕಾಗಿ ಸಂಸತ್ತು 2009ರಲ್ಲಿ ಕಾಯ್ದೆಯೊಂದನ್ನು ರೂಪಿಸಿದೆ. ಅದರ ಅನುಸೂಚಿಯಲ್ಲಿರುವ ಯಾವುದೇ ರೋಗ ತನ್ನ ರಾಸಿಗೆ ತಗುಲಿದೆಯೆಂದು ನಂಬಲು ಕಾರಣವಿದ್ದರೆ, ಮಾಲೀಕನು ಅದನ್ನು ಗ್ರಾಮಾಧಿಕಾರಿಗೆ ಅಥವಾ ಗ್ರಾಮ ಪಂಚಾಯಿತಿಗೆ ತಿಳಿಸತಕ್ಕದ್ದು. ಅಲ್ಲಿಂದ ಸುದ್ದಿ ಸಮೀಪದ ಪಶುವೈದ್ಯರಿಗೆ, ಪಶುವೈದ್ಯರಿಂದ ಇಲಾಖೆಯ ನಿರ್ದೇಶಕರಿಗೆ ಹೋಗಬೇಕು. ನಿರ್ದೇಶಕರು ನೆರೆ ರಾಜ್ಯಗಳಿಗೂ ತಿಳಿಸಬೇಕು. ರೋಗ ಶಂಕಿತ ರಾಸನ್ನು ಉಳಿದವುಗಳಿಂದ ಬೇರ್ಪಡಿಸುವುದು, ಅದು ಬಯಲಿನಲ್ಲಿ ಬೆರೆಯದಂತೆ ನೋಡಿಕೊಳ್ಳುವುದು ಕೂಡ ಮಾಲೀಕನ ಕರ್ತವ್ಯ. ಅಗತ್ಯವೆನಿಸಿದರೆ ಸರ್ಕಾರ ಒಂದು ಪ್ರದೇಶವನ್ನು ‘ನಿಯಂತ್ರಿತ ಪ್ರದೇಶ’ವೆಂದು ಘೋಷಿಸಿ ರಾಸುಗಳ ಸಾಗಾಟವನ್ನೂ ಸಂತೆ-ಜಾತ್ರೆಗಳನ್ನೂ ನಿರ್ಬಂಧಿಸಬಹುದು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ವರದಿ ಮಾಡಲು ರೋಗ ಖಚಿತವಾಗಿರಬೇಕೆಂಬ ನಿಯಮವಿಲ್ಲ. ಅನುಮಾನವೇ ಸಾಕು. ರೋಗ ಯಾವುದೆಂದು ನಿರ್ಧರಿಸುವುದು ವೈದ್ಯರ ಮತ್ತು ಪ್ರಯೋಗಾಲಯದ ಕೆಲಸ.

ಸುದ್ದಿ ಸಾಗುವ ದಾರಿ

ವ್ಯವಹಾರದಲ್ಲಿ ಸುದ್ದಿ ಮೊದಲು ತಲುಪುವುದು ಊರಿನ ಪಶು ಚಿಕಿತ್ಸಾಲಯಕ್ಕೆ. ದೂರದ ಊರಿನವರು 1962 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕರೆಸಿಕೊಳ್ಳುವ ಅವಕಾಶವೂ ಇದೆ. ವೈದ್ಯರು ರಾಸನ್ನು ಪರೀಕ್ಷಿಸಿ, ಅನುಮಾನ ಬಲವಾದರೆ ಮಾದರಿ ತೆಗೆಯುತ್ತಾರೆ. ಕಾಲುಬಾಯಿ ರೋಗದಲ್ಲಿ ನಾಲಿಗೆಯ ಗುಳ್ಳೆಯಿಂದ ಕಿತ್ತ ಪೊರೆ, ಚರ್ಮಗಂಟು ರೋಗದಲ್ಲಿ ಗಂಟಿನ ಹಕ್ಕಳೆ ಮತ್ತು ರಕ್ತ, ಹೀಗೆ ರೋಗಕ್ಕೆ ತಕ್ಕಂತೆ ಮಾದರಿ ಬೇರೆಯಾಗುತ್ತದೆ. ಅವು ತಂಪು ಕೆಡದಂತೆ ಪ್ರಯೋಗಾಲಯ ಮುಟ್ಟಬೇಕು. ದಾರಿಯಲ್ಲಿ ಮಂಜುಗಡ್ಡೆ ಕರಗಿದರೆ ಮಾದರಿ ಕೆಟ್ಟು, ರೋಗವಿದ್ದೂ ಇಲ್ಲವೆಂಬ ಫಲಿತಾಂಶ ಬರಬಹುದು.

ಇನ್ನೊಂದೆಡೆ ಅಂಕಿಅಂಶಗಳು ತಾಲ್ಲೂಕು, ಜಿಲ್ಲೆ, ರಾಜ್ಯಗಳ ಮೂಲಕ ಕೇಂದ್ರಕ್ಕೆ ಸಾಗುತ್ತವೆ. ಹಿಂದೆ ಕಾಗದದಲ್ಲಿ ನಿಧಾನವಾಗಿ ಸಾಗುತ್ತಿದ್ದ ಈ ಮಾಹಿತಿ ಈಗ ಗಣಕಯಂತ್ರದ ಮೂಲಕ ಹರಿಯುತ್ತಿದೆ. ರಾಸಿನ ಕಿವಿಗೆ ಹಾಕುವ ಹಳದಿ ಓಲೆಯ ಮೇಲಿನ 12 ಅಂಕಿಗಳ ಸಂಖ್ಯೆ ಆ ರಾಸಿನ ಗುರುತು. ಯಾವ ಲಸಿಕೆ ಯಾವಾಗ ಬಿದ್ದಿದೆ, ರಾಸು ಯಾರ ಮನೆಯದು ಎಂಬ ವಿವರ ಆ ಸಂಖ್ಯೆಗೆ ಅಂಟಿಕೊಂಡಿರುತ್ತದೆ. ರೋಗ ಬಂದ ರಾಸು ಎಲ್ಲಿಂದ ಬಂದಿತೆಂದು ಹಿಂದಕ್ಕೆ ಹುಡುಕಲು ಇದು ನೆರವಾಗಬೇಕಾದರೆ, ರಾಸು ಮಾರಿದಾಗ ಮಾಲೀಕರ ಹೆಸರೂ ದಾಖಲೆಯಲ್ಲಿ ಬದಲಾಗಬೇಕು.

ಹೀಗೆ ವರ್ಷಗಳಿಂದ ಕೂಡಿಬಂದ ವರದಿಗಳನ್ನೂ ಮಳೆ, ತಾಪಮಾನ ಮುಂತಾದ ವಿವರಗಳನ್ನೂ ಒಟ್ಟಿಗಿಟ್ಟು ನಿವೇದಿ ಸಂಸ್ಥೆಯು 15 ಜಾನುವಾರು ರೋಗಗಳ ಬಗ್ಗೆ ಎರಡು ತಿಂಗಳು ಮುಂಚಿತವಾಗಿ ಮುನ್ಸೂಚನೆ ನೀಡುತ್ತದೆ. ಯಾವ ಜಿಲ್ಲೆಯಲ್ಲಿ ಗಳಲೆ ರೋಗದ ಅಪಾಯ ಹೆಚ್ಚು, ಎಲ್ಲಿ ಚಪ್ಪೆ ರೋಗಕ್ಕೆ ಲಸಿಕೆ ಸಿದ್ಧವಿರಬೇಕು ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಮುನ್ಸೂಚನೆಗೆ ಆಧಾರ ಹಿಂದಿನ ವರದಿಗಳೇ. ರೋಗ ಬಂದರೂ ವರದಿ ಕಳುಹಿಸದ ತಾಲ್ಲೂಕು ನಕ್ಷೆಯಲ್ಲಿ ಸುರಕ್ಷಿತವಾಗಿ ಕಾಣುತ್ತದೆ. ಮುಂದಿನ ವರ್ಷ ಲಸಿಕೆ ಹಂಚುವಾಗ ಹಿಂದೆ ಬೀಳುವ ಅಪಾಯವೂ ಅದಕ್ಕೇ.

ಕಾಲುಬಾಯಿ ರೋಗ ಮತ್ತು ಕಂದು ರೋಗಗಳ ನಿಯಂತ್ರಣಕ್ಕೆ 2019ರ ಸೆಪ್ಟೆಂಬರಿನಲ್ಲಿ 13,343 ಕೋಟಿ ರೂಪಾಯಿಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 2030ರ ಹೊತ್ತಿಗೆ ಎರಡನ್ನೂ ನಿರ್ಮೂಲಗೊಳಿಸುವುದು ಆಗ ಘೋಷಿಸಿದ ಗುರಿ. ದೊಡ್ಡರೋಗದ ಕಾಲದಲ್ಲಿ ಇಲ್ಲದಿದ್ದ ಒಂದು ಅನುಕೂಲ ಕಾಲುಬಾಯಿ ರೋಗದ ವಿಷಯದಲ್ಲಿದೆ. ಲಸಿಕೆಯಿಂದ ಬಂದ ಪ್ರತಿಕಾಯವನ್ನೂ ಸೋಂಕಿನಿಂದ ಬಂದ ಪ್ರತಿಕಾಯವನ್ನೂ ಬೇರ್ಪಡಿಸಿ ತೋರಿಸುವ ರಕ್ತಪರೀಕ್ಷೆ ಈಗ ಲಭ್ಯವಿದೆ. ಹೀಗಾಗಿ ಲಸಿಕೆ ಹಾಕುತ್ತಲೇ ವೈರಾಣುವಿನ ಜಾಡು ಹಿಡಿಯಬಹುದು.

ಮಾಲೀಕನ ಮೌನಕ್ಕೆ ಕಾರಣಗಳು

ವ್ಯವಸ್ಥೆ ಇಷ್ಟೆಲ್ಲ ಇದ್ದರೂ ಸರಪಣಿಯ ಮೊದಲ ಕೊಂಡಿಯಲ್ಲಿ ಬಿರುಕು ಬಿಡುವುದುಂಟು. ಇದನ್ನು ರೈತರ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸುದ್ದಿ ಹೊರಬಿದ್ದರೆ ಡೇರಿಯಲ್ಲಿ ಹಾಲು ಬೇಡವೆನ್ನಬಹುದು, ಸಂತೆಯಲ್ಲಿ ರಾಸಿಗೆ ಗಿರಾಕಿ ಸಿಗದಿರಬಹುದು, ಊರಿಗೇ ಕೆಟ್ಟ ಹೆಸರು ಬಂದೀತು ಎಂಬ ಅಂಜಿಕೆ ಸಹಜವಾದುದು. ವರದಿ ಮಾಡಿದ್ದರಿಂದ ಆಗುವ ಲಾಭ ಇಡೀ ಊರಿಗೆ, ನಷ್ಟ ಮಾತ್ರ ಒಂದು ಮನೆಗೆ ಎಂಬಂತಾದಾಗ ಆ ಮನೆಯವರು ಬಾಯಿ ಬಿಗಿಹಿಡಿಯುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಚರ್ಮಗಂಟು ರೋಗದ ಸಂದರ್ಭ ಇದಕ್ಕೊಂದು ಉದಾಹರಣೆ. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 2019ರಲ್ಲಿ, ಒಡಿಶಾದಲ್ಲಿ. ನೊಣ, ಸೊಳ್ಳೆ, ಉಣ್ಣೆಗಳ ಮೂಲಕ ಹರಡುವ ಈ ರೋಗ 2022ರಲ್ಲಿ ಗುಜರಾತ್, ರಾಜಸ್ಥಾನಗಳನ್ನು ತೀವ್ರವಾಗಿ ಕಾಡಿ, ಕರ್ನಾಟಕವನ್ನೂ ತಟ್ಟಿತು. ಹಲವು ಜಿಲ್ಲೆಗಳಲ್ಲಿ ಜಾನುವಾರು ಸಂತೆ-ಜಾತ್ರೆಗಳು ನಿಂತವು. ಮೃತಪಟ್ಟ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಪರಿಹಾರವನ್ನು ರಾಜ್ಯ ಸರ್ಕಾರ ಪ್ರಕಟಿಸಿತು. ಪರಿಹಾರದ ನೆರವು ಸಣ್ಣದಲ್ಲ. ಆದರೆ ಅದು ಸಿಕ್ಕಿದ್ದು ರಾಸು ಸತ್ತ ಮೇಲೆ. ಮೈಮೇಲೆ ಮೊದಲ ಗಂಟು ಕಂಡ ದಿನವೇ ಸುದ್ದಿ ಕೊಟ್ಟು, ರಾಸನ್ನು ಕಟ್ಟಿಹಾಕಿ, ಹಾಲಿನ ಆದಾಯ ಬಿಟ್ಟುಕೊಟ್ಟು ನೆರೆಯವರ ಕೊಟ್ಟಿಗೆ ಉಳಿಸಿದ ರೈತನಿಗೆ ಏನು ಸಿಗಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಬೇಗ ಸುದ್ದಿ ಕೊಟ್ಟವನಿಗೆ ನಷ್ಟವಾಗದಂತೆ ನೋಡಿಕೊಳ್ಳದೆ ಯಾವ ನಿಗಾ ವ್ಯವಸ್ಥೆಯೂ ಬಹುಕಾಲ ಬಾಳಲಾರದು.

ಸುದ್ದಿ ಕೊಟ್ಟ ಮೇಲೆ ಯಾರೂ ಬಾರದಿದ್ದರೆ, ಮಾದರಿ ಕೊಂಡೊಯ್ದವರು ಫಲಿತಾಂಶ ತಿಳಿಸದಿದ್ದರೆ, ಮುಂದಿನ ಬಾರಿ ರೈತ ಕರೆ ಮಾಡುವ ಗೋಜಿಗೆ ಹೋಗುವುದಿಲ್ಲ. ವರದಿ ಮೇಲಕ್ಕೆ ಹೋದಷ್ಟೇ ನಿಷ್ಠೆಯಿಂದ ಉತ್ತರ ಕೆಳಕ್ಕೆ ಬರಬೇಕು.

ಕಣ್ಣಿಗೆ ಕಾಣದ ರೋಗಗಳು

ಕೆಲವು ರೋಗಗಳು ಲಕ್ಷಣ ತೋರದೆ ಹಿಂಡಿನಲ್ಲಿ ನೆಲೆಸಿರುತ್ತವೆ. ಕಂದು ರೋಗ ಅಂಥದ್ದು. ಗಬ್ಬದ ಕೊನೆಯ ತಿಂಗಳುಗಳಲ್ಲಿ ಹಸು ಕಂದು ಹಾಕುವವರೆಗೆ ಅನುಮಾನವೇ ಬರುವುದಿಲ್ಲ. ಅದು ಹಸಿ ಹಾಲಿನ ಮೂಲಕವೂ, ಕಂದು ಮತ್ತು ಸತ್ತೆಯನ್ನು ಬರಿಗೈಯಲ್ಲಿ ಮುಟ್ಟುವುದರಿಂದಲೂ ಮನುಷ್ಯರಿಗೆ ತಗುಲಿ, ಬಂದು ಹೋಗುವ ಜ್ವರ, ಕೀಲುನೋವುಗಳಿಂದ ತಿಂಗಳುಗಟ್ಟಲೆ ಕಾಡುತ್ತದೆ. ಇಂಥ ರೋಗವನ್ನು ಕಾಯುತ್ತ ಕೂರದೆ ಹುಡುಕಿಕೊಂಡು ಹೋಗಬೇಕು. ಹಲವು ರಾಸುಗಳ ಹಾಲು ಒಟ್ಟುಗೂಡುವ ಕಡೆ ಮಾದರಿ ತೆಗೆದು ಪರೀಕ್ಷಿಸಿದರೆ, ಒಂದೊಂದು ಹಸುವಿನ ರಕ್ತ ತೆಗೆಯದೆಯೇ ಹಿಂಡಿನಲ್ಲಿ ಸೋಂಕಿರುವ ಸುಳಿವು ಸಿಗುತ್ತದೆ.

ಡೇರಿಯ ಹಾಲಿನ ಪುಸ್ತಕವೂ ಒಂದು ಬಗೆಯ ರೋಗ ದಾಖಲೆಯೇ. ಮೇವು, ಹವೆ ಬದಲಾಗದಿದ್ದರೂ ಒಂದೇ ಬೀದಿಯ ನಾಲ್ಕಾರು ಮನೆಗಳ ಹಾಲು ಎರಡು ಹೊತ್ತಿನಲ್ಲಿ ಇಳಿದಿದ್ದರೆ ಡೇರಿಯ ಕಾರ್ಯದರ್ಶಿ ವೈದ್ಯರಿಗೆ ಒಂದು ಮಾತು ತಿಳಿಸುವುದು ಕಷ್ಟವೇನಲ್ಲ.

ನೆರಡಿ ರೋಗದ ವಿಷಯದಲ್ಲಂತೂ ತಪ್ಪಿಗೆ ಕ್ಷಮೆಯಿಲ್ಲ. ಚೆನ್ನಾಗಿದ್ದ ರಾಸು ಹಠಾತ್ತನೆ ಸತ್ತು, ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ರಕ್ತ ಒಸರುತ್ತಿದ್ದರೆ ಅದನ್ನು ಕುಯ್ಯಬಾರದು, ಚರ್ಮ ಸುಲಿಯಬಾರದು. ಕಳೇಬರ ಸೀಳಿದರೆ ಗಾಳಿ ತಾಗಿದ ರೋಗಾಣು ಗಟ್ಟಿ ಕವಚ ತೊಟ್ಟು ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿರುತ್ತದೆ. ಮನುಷ್ಯರಿಗೂ ಅದು ಮಾರಕ.

ರಾಸು ಸಾಕುವವರು ಏನು ಮಾಡಬೇಕು?

ಎರಡು ಅಥವಾ ಹೆಚ್ಚು ರಾಸುಗಳಿಗೆ ಒಟ್ಟಿಗೆ ಜ್ವರ ಬಂದರೆ, ಬಾಯಿ ಮತ್ತು ಗೊರಸಿನ ಸಂದಿನಲ್ಲಿ ಹುಣ್ಣು ಕಂಡರೆ, ಮೈಮೇಲೆ ಗಂಟುಗಳೆದ್ದರೆ, ಗಂಟಲು ಊದಿ ಉಸಿರು ಕಟ್ಟಿದರೆ, ಹಸು ಕಂದು ಹಾಕಿದರೆ, ಕಾರಣ ತಿಳಿಯದೆ ರಾಸು ಸತ್ತರೆ ಆ ದಿನವೇ ಪಶುವೈದ್ಯರಿಗೆ ತಿಳಿಸಬೇಕು. ಯಾವ ದಿನ ಆರಂಭವಾಯಿತು, ಎಷ್ಟು ರಾಸುಗಳಿಗೆ, ಹೊಸದಾಗಿ ರಾಸು ತಂದದ್ದು ಎಂದು, ಎಲ್ಲಿಂದ, ಕೊನೆಯ ಲಸಿಕೆ ಯಾವಾಗ ಎಂಬ ವಿವರ ಸಿದ್ಧವಿಟ್ಟುಕೊಂಡರೆ ಅವರ ಅರ್ಧ ಕೆಲಸ ಮುಗಿದಂತೆ. ವೈದ್ಯರು ಬರುವವರೆಗೆ ರೋಗಿ ರಾಸನ್ನು ಬೇರೆ ಕಟ್ಟಬೇಕು. ಅದಕ್ಕೆ ಮೇವು-ನೀರಿನ ಪಾತ್ರೆ ಪ್ರತ್ಯೇಕವಿರಬೇಕು. ಆರೋಗ್ಯವಂತ ರಾಸುಗಳ ಕೆಲಸ ಮುಗಿಸಿ ಕೊನೆಗೆ ಅದರ ಬಳಿ ಹೋಗಿ, ಬಂದ ಮೇಲೆ ಕೈಕಾಲು ತೊಳೆಯಬೇಕು. ಅಂಥ ರಾಸನ್ನು ಸಂತೆಗೆ ಹೊಡೆದು ಕೈ ತೊಳೆದುಕೊಳ್ಳುವುದೆಂದರೆ ರೋಗವನ್ನು ಮತ್ತೊಬ್ಬರ ಮನೆಗೆ ದಾಟಿಸಿದಂತೆ. ಹೊಸದಾಗಿ ತಂದ ರಾಸನ್ನು ಎರಡು-ಮೂರು ವಾರ ಪ್ರತ್ಯೇಕವಾಗಿಟ್ಟು ನೋಡುವುದು ಕ್ಷೇಮ.

ದೊಡ್ಡರೋಗದ ಹೆಸರನ್ನೇ ಕೇಳದ ತಲೆಮಾರು ಇಂದು ಹಸು ಕಟ್ಟುತ್ತಿದೆ. ಹಿಂದೊಮ್ಮೆ ಊರಿನ ಕೊಟ್ಟಿಗೆಗಳನ್ನೇ ಬರಿದುಮಾಡುತ್ತಿದ್ದ ಆ ಪಿಡುಗು ಕಾಣದಾದದ್ದರ ಹಿಂದೆ ಹಳ್ಳಿಹಳ್ಳಿ ಸುತ್ತಿದ ಸಿಬ್ಬಂದಿಯ ಶ್ರಮವೂ, ಕೇಳಿದ್ದಕ್ಕೆ ಮುಚ್ಚಿಡದೆ ಉತ್ತರಿಸಿದ ಅಸಂಖ್ಯ ರೈತರ ಪ್ರಾಮಾಣಿಕತೆಯೂ ಇದೆ. ಕಾಲುಬಾಯಿ ರೋಗವನ್ನೂ ಅದೇ ದಾರಿಯಲ್ಲಿ ಕಳುಹಿಸಬೇಕಾಗಿದೆ. ಅದಕ್ಕೆ ಬೇಕಾದ ಲಸಿಕೆ ಇದೆ, ಪ್ರಯೋಗಾಲಯವಿದೆ, ಕಾನೂನೂ ಇದೆ. ಉಳಿದಿರುವುದು ಕೊಟ್ಟಿಗೆಯಿಂದ ಸಕಾಲದಲ್ಲಿ ಹೊರಡುವ ಸುದ್ದಿ, ಮತ್ತು ಆ ಸುದ್ದಿಗೆ ತಡಮಾಡದೆ ಓಗೊಡುವ ಆಡಳಿತ.